ಗಂಗತ್ತಿಯ ತಲೆಗೆ ಬಿಸಿನೀರು

ಹುಣ್ಣಿಮೆಯ ದಿನ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಮೇಣದ ವಾಸನೆಯೊಂದಿಗೆ. ಓಣಿಯ ಉಳಿದ ಮನೆಗಳಲ್ಲಿ ಅಂಗಳಕ್ಕೆ ಸಗಣಿನೀರು ಹೊಡೆಯುವ, ರೊಟ್ಟಿ ಬಡಿಯುವ ಸದ್ದು ಏಳುವ ಹೊತ್ತಿಗೆ ನಮ್ಮಲ್ಲಿ ಅವ್ವ ಒಲೆಯ ಮುಂದೆ ಕೂತು ಹಿತ್ತಾಳೆಯ ಬೋಗುಣಿಯಲ್ಲಿ ಜೇನುಮೇಣ ಕರಗಿಸುತ್ತಿದ್ದಳು. ಕರಗಿದ ಮೇಣಕ್ಕೆ ಒಂದಿಷ್ಟು ಕೊಬ್ಬರಿ ಎಣ್ಣೆ ಬಿಟ್ಟು, ಹಳೆಯ ಧೋತರದ ತುಂಡಿನಲ್ಲಿ ಸೋಸಿ, ಸಣ್ಣ ಸಣ್ಣ ತಗಡಿನ ಡಬ್ಬಿಗಳಿಗೆ ಸುರಿಯಬೇಕು. ಮೇಣ ಕೆನೆಗಟ್ಟಿದ ಮೇಲೆ ಮುಚ್ಚಳ ಹಾಕಿ ಬುಟ್ಟಿಯಲ್ಲಿ ಜೋಡಿಸುವುದು ನನ್ನ ಕೆಲಸ. ಆಗ ಹೆಂಗಸರು ಹಣೆಗೆ ಮೊದಲು ಮೇಣ ಸವರಿ ಅದರ ಮೇಲೆ ಕುಂಕುಮ ಒತ್ತುತ್ತಿದ್ದರು. ನಮ್ಮ ಕಡೆಯ ಬಿಸಿಲಿಗೆ ಎಷ್ಟು ಬೆವರಿದರೂ ಕುಂಕುಮ ಇಳಿಯಬಾರದು. ಜಮಖಂಡಿಯ ಪೇಟೆಯಲ್ಲಿ ಅಪ್ಪನದು ಕುಂಕುಮ, ವಿಭೂತಿ, ಲೋಬಾನದ ಅಂಗಡಿ. ಬೀರದೇವರ ಒಕ್ಕಲಿನ ಕುರಿಗಾರರು ಭಂಡಾರಕ್ಕೆ, ಅಂದರೆ ದೇವರಿಗೆ ಎರಚುವ ಅರಿಶಿನದ ಪುಡಿಗೆ, ನಮ್ಮಲ್ಲಿಗೇ ಬರುತ್ತಿದ್ದರು. ಬರುವಾಗ ಅಪ್ಪನ ತಾಯಿ ಆಯಿಗೆಂದು ಕರಿ ಉಣ್ಣೆಯ ನೂಲಿನ ಉಂಡೆ ತರುವರು. ಆಯಿ ಅದರಿಂದ ಮನೆಯ ಹರಿದ ಕಂಬಳಿಗಳನ್ನು ಹೊಲಿಯುತ್ತಿದ್ದಳು. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂತು, ಅರಮನೆಯ ಗಿರಾಕಿ ತಪ್ಪಿತು, ಆದರೆ ಹೆಂಗಸರ ಹಣೆ ಎಲ್ಲಿಗೂ ಹೋಗಲಿಲ್ಲ ಎಂದು ಅಪ್ಪ ನಗುತ್ತಿದ್ದ.

ಅದು ವೈಶಾಖದ ಆಗಿ ಹುಣ್ಣಿಮೆ. ನಾನು ಬೆಳಗಾವಿಯ ಕಾನ್ವೆಂಟ್ ಬೋರ್ಡಿಂಗಿನಿಂದ ಬೇಸಿಗೆ ರಜೆಗೆ ಬಂದಿದ್ದೆ. ಆಯಿ ಪ್ರತಿ ಆಗಿ ಹುಣ್ಣಿಮೆಗೂ ಓಣಿಯ ಮುದುಕಿಯರ ಜೊತೆ ಚಕ್ಕಡಿ ಕಟ್ಟಿಸಿಕೊಂಡು ಕೃಷ್ಣೆಗೆ ಜಳಕಕ್ಕೆ ಹೋಗುವಳು. ಅಂದೂ ನಸುಕಿನಲ್ಲೇ ಬುತ್ತಿಯ ಗಂಟು ಕಂಕುಳಲ್ಲಿ ಹಿಡಿದು, ಹೊಸ್ತಿಲ ಮೇಲೆ ತಿರುಗಿ ನಿಂತು ಎಂದಿನ ಮಾತನ್ನೇ ಹೇಳಿದಳು.

"ನಾ ಬರೂದು ಸಂಜಿ ಆಗತೈತಿ. ಗಂಗಾನ ತಲಿ ಮ್ಯಾಲ ಬಿಸಿನೀರ ಬೀಳಬಾರದು, ನೋಡವಾ."

"ಗೊತ್ತೈತ್ರಿ ಅತ್ತಿ," ಎಂದಳು ಅವ್ವ, ಬೋಗುಣಿಯಿಂದ ಕಣ್ಣೆತ್ತದೆ.

ಗಂಗತ್ತಿ ಅಪ್ಪನ ತಂಗಿ. ಇಪ್ಪತ್ತು ದಾಟಿತ್ತೇನೋ. ಅವಳ ತಲೆಯ ಹಿಂದಿನಿಂದ, ಬಲಕ್ಕೆ, ಒಂದೇ ಒಂದು ಜಡಿ, ಗಂಟುಗಟ್ಟಿದ ಜಟೆ, ಇಳಿದಿತ್ತು. ಉಳಿದ ಕೂದಲು ನಮ್ಮೆಲ್ಲರಂತೆಯೇ. ಅದನ್ನು ಬಾಚಿ ತುರುಬು ಕಟ್ಟುತ್ತಿದ್ದಳು. ಜಡಿ ಮಾತ್ರ ಸೊಂಟ ಮುಟ್ಟುವಷ್ಟು ಉದ್ದ, ನನ್ನ ಮುಂಗೈಯಷ್ಟು ದಪ್ಪ. ಅವಳು ಆಗಿನ ನನ್ನಷ್ಟು, ಒಂಬತ್ತು ಹತ್ತರವಳಿದ್ದಾಗ ಜ್ವರ ಬಂದು ಬಹಳ ದಿನ ಮಲಗಿದ್ದಳಂತೆ, ಎದ್ದಾಗ ಜಡಿ ಬಂದಿತ್ತಂತೆ. ಮೈಮೇಲೆ ಜಡಿ ಬಂದರೆ ಎಲ್ಲವ್ವ ತಾಯಿ ಬಂದಳೆಂದೇ ನಮ್ಮ ಕಡೆಯ ನಂಬಿಕೆ. ಕೆಲವರು ಮುತ್ತು ಕಟ್ಟಿಸಿ ಹುಡುಗಿಯನ್ನು ಗುಡ್ಡದ ದೇವಿಗೆ ಬಿಡಿರಿ ಎಂದರು. ಆಯಿ ಒಪ್ಪಲಿಲ್ಲ. "ದೇವಿ ನಮ್ಮ ಮನ್ಯಾಗ ಇರತಾಳ. ಗುಡ್ಡಕ್ಕೂ ಹೋಗಂಗಿಲ್ಲ, ಗಂಡನ ಮನಿಗೂ ಹೋಗಂಗಿಲ್ಲ," ಎಂದುಬಿಟ್ಟಳಂತೆ. ಅಂದಿನಿಂದ ಗಂಗತ್ತಿ ಮನೆಯಲ್ಲಿಯೇ. ಪ್ರತಿ ಹುಣ್ಣಿಮೆಯ ಸಂಜೆ ಅವಳನ್ನು ಪಡಸಾಲೆಯಲ್ಲಿ ಮಣೆಯ ಮೇಲೆ ಕೂರಿಸುವರು. ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದು, ಬೆರಳಿಗೆ ಮೇಣ ತೆಗೆದುಕೊಂಡು ಜಡಿಗೆ ಸವರಿ, ಅದರ ಮೇಲೆ ಕುಂಕುಮ ಭಂಡಾರ ಒತ್ತಿ ಕೈಮುಗಿಯುವರು. ಮೇಣ ನಮ್ಮ ಅಂಗಡಿಯದೇ ಆಗಬೇಕು; ಬೇರೆ ಮೇಣ ದೇವಿಗೆ ನಡೆಯುವುದಿಲ್ಲ ಎಂಬ ಮಾತು ಯಾರಿಂದ ಹುಟ್ಟಿತೋ ಅಪ್ಪನೂ ಹೇಳುತ್ತಿರಲಿಲ್ಲ, ಅಲ್ಲಗಳೆಯುತ್ತಲೂ ಇರಲಿಲ್ಲ.

ಹೀಗೆ ವರ್ಷಗಳ ಮೇಣ ಆ ಜಡಿಯ ಮೇಲೆ ಕೂತಿತ್ತು. ಮೇಲ್ಮೈ ಬೇಲದ ಕಾಯಿಯ ಚಿಪ್ಪಿನ ಹಾಗೆ ಗಟ್ಟಿ. ಒಂದು ಕಡೆ ಕೆಂಪು, ಒಂದು ಕಡೆ ಹಳದಿ, ನಡುವೆ ಧೂಳು ಹಿಡಿದು ಕಪ್ಪು. ಚಳಿಗಾಲದಲ್ಲಿ ಬಿರುಕು ಬಿಟ್ಟು ರವಿಕೆಯೊಳಗೆ ಚೂರು ಉದುರುವುದು. ಬೇಸಿಗೆಯಲ್ಲಿ ಮೆತ್ತಗಾಗಿ ಬೆನ್ನಿಗೆ ಅಂಟುವುದು. ನೊಣ ಕೂತರೆ ಏಳಲಾಗದೆ ಒದ್ದಾಡುವುದು. ಗಂಗತ್ತಿ ಎಡಗಡೆಗೇ ಮಲಗಬೇಕು, ಜಡಿಗೆ ಬೇರೆಯೇ ಒಂದು ಮಡಿಸಿದ ಕಂಬಳಿ. ಅದರ ಭಾರಕ್ಕೆ ಅವಳ ಕತ್ತು ಸದಾ ಒಂದಿಷ್ಟು ಬಲಕ್ಕೆ ವಾಲಿರುತ್ತಿತ್ತು, ಯಾರದೋ ಮಾತನ್ನು ಕಿವಿಗೊಟ್ಟು ಕೇಳುತ್ತಿರುವವಳ ಹಾಗೆ. ಅವಳ ದಿಂಬಿನ ಚೀಲವನ್ನು ಅಗಸರು ಒಯ್ಯುತ್ತಿರಲಿಲ್ಲ. ತಲೆಗೆ ತಣ್ಣೀರೇ, ಅದೂ ಜಡಿ ಬಿಟ್ಟು. ಬಿಸಿನೀರು ಬಿದ್ದರೆ ದೇವಿ ಮುನಿಯುತ್ತಾಳೆ ಎಂಬುದು ಆಯಿಯ ಕಟ್ಟು. ಆ ಬೇಸಿಗೆಯಲ್ಲಿ ಜಡಿಯ ಬುಡದಲ್ಲಿ ಹುಣ್ಣಾಗಿತ್ತು. ಹತ್ತಿರ ಕೂತರೆ ಮೇಣದ ಸಿಹಿ ವಾಸನೆಯ ಕೆಳಗೆ ಇನ್ನೊಂದು ವಾಸನೆ ಬರುತ್ತಿತ್ತು. ನಾನು ಗುರುತಿಸಿದ್ದೆ, ಹೇಳಿರಲಿಲ್ಲ.

ಅವ್ವ ಡಬ್ಬಿಗಳಿಗೆ ಮೇಣ ತುಂಬುತ್ತಿರುವಾಗ ಪಕ್ಕದ ಮನೆಯ ಪಾರವ್ವ ಹಿತ್ತಲ ಗೋಡೆಯ ಮೇಲಿಂದ ಮುಖ ತೋರಿಸಿದಳು. ಪಾರವ್ವನಿಗೆ ಎಲ್ಲದರಲ್ಲೂ ಮೊದಲಿಗಳಾಗುವ ಹಟ, ಕೆಟ್ಟ ಮನಸ್ಸಿನವಳಲ್ಲ. ಉಳಿದ ದಿನ "ಲೇ ಗಂಗೀ, ಒಂದೀಟ ಹೆಪ್ಪ ಕೊಡ" ಎಂದು ಇದೇ ಗೋಡೆಯಿಂದ ಕೂಗುವವಳು ಹುಣ್ಣಿಮೆಯ ದಿನ ಮಾತ್ರ ತಾಯಿ ಎನ್ನುತ್ತಿದ್ದಳು.

"ಸಂಜಿಮುಂದ ನಾನಽ ಮೊದಲ ಬರಾಕಿ. ಹ್ವಾದ ಸಲ ಆ ಮೂಲಿಮನಿಯಾಕಿ ಮುಂದ ನುಗ್ಗಿದಳು. ನನಗೊಂದ ಡಬ್ಬಿ ತಗದ ಇಡ್ರಿ."

"ಇಡತೀನಿ, ಬಾರವಾ," ಎಂದಳು ಅವ್ವ.

ಪಾರವ್ವನ ತಲೆ ಗೋಡೆಯಿಂದ ಇಳಿದದ್ದೇ ಅವ್ವ ಬೋಗುಣಿಯನ್ನು ಒಲೆಯಿಂದ ಇಳಿಸಿ, ಹಂಡೆಯ ಕೆಳಗೆ ಹತ್ತಿಕಟ್ಟಿಗೆ ತುರುಕಿದಳು. ಹಂಡೆಯ ತುಂಬ ನೀರಿತ್ತು. ಅಷ್ಟು ನೀರು ಯಾರ ಜಳಕಕ್ಕೆ ಎಂದು ನಾನು ಕೇಳುವ ಮೊದಲೇ ಗಂಗತ್ತಿ ಬಂದು ಬಚ್ಚಲ ಕಲ್ಲಿನ ಮೇಲೆ ಕೂತಳು.

ಇದರ ಹಿಂದೆ ಬನಹಟ್ಟಿಯ ಒಂದು ಮಾತಿತ್ತು. ಅಲ್ಲಿನ ಮಗ್ಗದವರ ಮನೆಯ ಹುಡುಗ ಒಮ್ಮೆ ಅಪ್ಪನನ್ನು ಹುಡುಕಿಕೊಂಡು ಮನೆಗೆ ಬಂದಿದ್ದ. ಗಂಗತ್ತಿ ಅವನಿಗೆ ನೀರು ಕೊಟ್ಟಳು. ನಮ್ಮ ಮನೆಗೆ ಬಂದವರೆಲ್ಲ ಮೊದಲು ಜಡಿ ನೋಡುತ್ತಿದ್ದರು; ಅವನು ಮುಖ ನೋಡಿದ. ತಂಬಿಗೆ ತಿರುಗಿ ಕೊಡುವಾಗ "ನೀರ ಭಾಳ ತಂಪ ಅದಾವ್ರಿ" ಎಂದ. ಅಷ್ಟೇ. ಆಮೇಲೆ ಒಂದು ಮದುವೆಮನೆಯಲ್ಲಿ ಅವನ ಅಕ್ಕ ಅವ್ವನನ್ನು ಮೂಲೆಗೆ ಕರೆದು ಹೇಳಿದ್ದಳಂತೆ: "ಜಡಿ ಇದ್ದಾಕೀನ ಮನಿ ತುಂಬಿಸ್ಕೊಳ್ಳಾಕ ನಮ್ಮವ್ವಗ ಅಂಜಿಕಿ. ತಾಯಿ ತಾನಾಗಿ ಬಿಟ್ಟಳಂದ್ರ ನಮ್ಮದೇನ ತಕರಾರಿಲ್ಲ. ಆಗಿ ಹುಣ್ಣಿವಿ ಮರುದಿನ ಬಂದ ನೋಡಿ ಹೋಗ್ತೀವಿ." ಜಡಿ ತಾನಾಗಿ ಬಿಚ್ಚಿಕೊಂಡರೆ ದೇವಿ ಆ ಹೆಣ್ಣನ್ನು ಬಿಟ್ಟಳು ಎಂದು ಅರ್ಥ. ಕತ್ತರಿಸಿದರೆ, ಬಾಚಿ ಬಿಡಿಸಿದರೆ ಪಾಪ. ಅವ್ವ ಈ ಎರಡರ ನಡುವೆ ಒಂದು ಸಂದಿ ಕಂಡುಕೊಂಡಿದ್ದಳು.

"ಕತ್ರಿ ಹಚ್ಚಂಗಿಲ್ಲ, ಬಾಚಣಿಗಿ ಹಚ್ಚಂಗಿಲ್ಲ. ಬರೇ ತೊಳಿಯೂದು. ತೊಳದ ಮ್ಯಾಲ ತಾನಾಗಿ ಬಿಟ್ಟಿತಂದ್ರ ನಮ್ಮ ತಪ್ಪೇನೈತಿ?"

"ವೈನಿ, ನೀವು ದೇವರ ಮುಂದೂ ವಕೀಲಕಿ ಮಾಡಾಕತ್ತೀರಿ," ಎಂದಳು ಗಂಗತ್ತಿ ಅತ್ತಿಗೆಗೆ. ನಗಲು ಹೋದಳು, ನಗು ಬರಲಿಲ್ಲ. "ಮಾಡ್ರಿ. ತಲಿ ಉರಿಯಾಕತ್ತೈತಿ ನನಗ."

ಅವ್ವನಿಗೂ ಅಂಜಿಕೆ ಇತ್ತು. ಹಂಡೆಯಲ್ಲಿ ನೀರು ಕುದಿಯುತ್ತಿದ್ದರೂ ಮೊದಲು ತಣ್ಣೀರನ್ನೇ ಸುರಿದಳು. ಅಂಟವಾಳಕಾಯಿಯ ನೊರೆ ಹಚ್ಚಿ ತಿಕ್ಕಿದಳು. ನೀರು ಜಡಿಯ ಮೇಲಿಂದ ಕೆಸುವಿನ ಎಲೆಯ ಮೇಲಿನಂತೆ ಜಾರಿ ಹೋಯಿತು. ಮೇಣ ಇನ್ನಷ್ಟು ಬಿಗಿದು ಬೆಳ್ಳಗಾಯಿತು. ಕಡಲೆಹಿಟ್ಟು ಹಚ್ಚಿದರೆ ಹಿಟ್ಟು ಮೇಣಕ್ಕೆ ಮೆತ್ತಿಕೊಂಡು ಹೊಸ ಪದರವಾಯಿತು. ಅವ್ವ ಸೋತು ಕೂತಳು. ಆಗ ನಾನು ಕಾನ್ವೆಂಟಿನ ಮಾತು ತೆಗೆದೆ. ಅಲ್ಲಿ ಪೂಜೆಯ ಮೇಜಿನ ಬಿಳಿ ಬಟ್ಟೆಗೆ ಮೇಣಬತ್ತಿಯ ಹನಿ ಬೀಳುತ್ತಿತ್ತು. ಬಟ್ಟೆ ಒಗೆಯುವ ಸಿಸ್ಟರು ಅದನ್ನು ನೀರಿಗೆ ಹಾಕುತ್ತಿರಲಿಲ್ಲ. ಮೇಲೊಂದು ಕೆಳಗೊಂದು ಒರಟು ಕಾಗದ ಇಟ್ಟು ಬಿಸಿ ಇಸ್ತ್ರಿ ಒತ್ತುವರು. ಮೇಣ ಕರಗಿ ಕಾಗದಕ್ಕೆ ಏರುತ್ತಿತ್ತು. ಅದನ್ನು ನೋಡುವುದು ನನಗೆ ಬಹಳ ಇಷ್ಟವಾಗಿತ್ತು.

"ನಿಮ್ಮ ಸಿಸ್ಟರ್ ಬಾಯಾರ ಕೈಗೆ ಸಿಕ್ಕರ ನನ್ನೂ ಇಸ್ತ್ರಿ ಮಾಡಿ ಮಡಚಿ ಇಡತಾರೇನ, ಶಾಂತಾ?" ಎಂದಳು ಗಂಗತ್ತಿ. ಈ ಸಲ ನಿಜಕ್ಕೂ ನಕ್ಕಳು.

ನನಗೆ ಕಾನ್ವೆಂಟಿನಲ್ಲಿ ಆದದ್ದು ಅವಳಿಗೆ ಗೊತ್ತಿತ್ತು. ಹೇನಿನ ನೆಪದಲ್ಲಿ ಅವರು ನನ್ನ ಕೂದಲನ್ನು ಕತ್ತಿನ ಮಟ್ಟಕ್ಕೆ ಕತ್ತರಿಸಿದ್ದರು, ಕೇಳಿ ಮಾಡಿದ್ದಲ್ಲ. ಆ ರಜೆಗೆ ಬಂದಾಗ ಆಯಿ ನನ್ನ ತಲೆ ಮುಟ್ಟಿ ಮುಟ್ಟಿ ಅತ್ತಿದ್ದಳು. "ಹಡದವ್ರನ್ನ ಒಂದ ಮಾತ ಕೇಳಲಾರದ ಹೆಣ್ಣಮಗಳ ತಲಿಗೆ ಕೈ ಹಚ್ಚಿದ್ರಲ್ಲ, ಅವರ ಕೈ ಸೇದಿಹೋಗ್ಲಿ," ಎಂದು ಶಪಿಸಿದ್ದಳು. ಆಗ ಗಂಗತ್ತಿ ಕಂಬದ ಪಕ್ಕ ನಿಂತು, ಜಡಿಯನ್ನು ಭುಜದ ಮುಂದಕ್ಕೆ ಹಾಕಿಕೊಂಡು, ಕೇಳಿಸಿಕೊಂಡಿದ್ದಳು.

ನಮ್ಮಲ್ಲಿ ಇಸ್ತ್ರಿ ಇರಲಿಲ್ಲ. ಅಪ್ಪನ ಅಂಗಿಗೆ ಅವ್ವ ತಂಬಿಗೆಯಲ್ಲಿ ಕೆಂಡ ತುಂಬಿ ಒತ್ತುತ್ತಿದ್ದಳು. ಅದೇ ತಂಬಿಗೆ ಬಂತು. ಗಂಗತ್ತಿಯನ್ನು ಬೋರಲಾಗಿ ಮಲಗಿಸಿ, ಜಡಿಯನ್ನು ಮಣೆಯ ಮೇಲೆ ಚಾಚಿ, ಹಳೆಯ ಧೋತರದ ಮಡಿಕೆಯ ನಡುವೆ ಇಟ್ಟು ಅವ್ವ ತಂಬಿಗೆ ಒತ್ತಿದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಬಟ್ಟೆಯ ಮೇಲೆ ಒಂದು ಕೆಂಪು ಕಲೆ ಮೂಡಿತು, ಅರಳಿತು, ಅದರ ಅಂಚಿಗೆ ಹಳದಿ ಹರಿಯಿತು. ಬಟ್ಟೆ ತುಂಬಿದಂತೆ ನಾನು ಮಡಿಕೆ ಬದಲಿಸಿ ಕೊಡುತ್ತಿದ್ದೆ. ಎಷ್ಟು ಹುಣ್ಣಿಮೆಗಳ ಕುಂಕುಮವೋ, ಎಷ್ಟು ಹೆಂಗಸರ ಬೆರಳೋ. ಹುಣ್ಣಿನ ಹತ್ತಿರ ತಂಬಿಗೆ ಒಯ್ಯಲಾಗಲಿಲ್ಲ. ಅಲ್ಲಿಗೆ ಕುಸುಬಿ ಎಣ್ಣೆಯನ್ನು ಬೆಚ್ಚಗೆ ಮಾಡಿ ಹನಿ ಹನಿಯಾಗಿ ಬಿಟ್ಟು, ಬೆರಳಿನಿಂದ ಮೇಣವನ್ನು ಮೆತ್ತಗೆ ಜಾರಿಸಿದಳು. ಎಣ್ಣೆ ಕುಡಿದ ಮೇಣ ಬೆಣ್ಣೆಯಾಯಿತು. ಆಮೇಲೆ ಎಣ್ಣೆ ಹೀರಲು ಕಡಲೆಹಿಟ್ಟು, ಹಿಟ್ಟು ತೆಗೆಯಲು ಅಂಟವಾಳದ ನೊರೆ. ನಡುವೆ ಅವ್ವ ಒಂದು ಗಳಿಗೆ ಕಣ್ಣು ಮುಚ್ಚಿ ಕೊರಳ ಲಿಂಗದ ಕರಡಿಗೆ ಮುಟ್ಟಿಕೊಂಡಳು. ಆಮೇಲೆ ತಾಮ್ರದ ಚರಿಗೆಯನ್ನು ಹಂಡೆಗೆ ಅದ್ದಿ, ಬಿಸಿನೀರು ತೆಗೆದು, ತನ್ನ ಮುಂಗೈ ಮೇಲೆ ಹಾಕಿ ನೋಡಿ, ಗಂಗತ್ತಿಯ ತಲೆಗೆ ಸುರಿದಳು.

ಗಂಗತ್ತಿಯ ಬಾಯಿಂದ ಬಂದ ಸದ್ದು ನನಗೆ ಇಂದಿಗೂ ನೆನಪಿದೆ. ಅದು ನೋವಿನದಲ್ಲ. ಚಳಿಯಲ್ಲಿ ಬಹಳ ಹೊತ್ತು ನಿಂತು ಒಳಗೆ ಬಂದವರು ಮಾಡುವ ಸದ್ದು.

"ಇನ್ನೊಂದ ಚರಿಗಿ ಹಾಕ್ರಿ ವೈನಿ."

ಬಚ್ಚಲಿನಿಂದ ಹರಿದ ನೀರು ಮೊದಲು ಕೆಂಪು, ಆಮೇಲೆ ಕಂದು, ಆಮೇಲೆ ಬೂದಿಯ ಬಣ್ಣ. ಹುಳಿ ಮಜ್ಜಿಗೆ ಸುರಿದು ಅವ್ವ ಜಡಿಯನ್ನು ಹಿಂಡುತ್ತಿದ್ದಳು, ಸ್ಪಂಜನ್ನು ಹಿಂಡುವ ಹಾಗೆ, ತಿಕ್ಕದೆ. ಜಡಿಯ ನಡುವಿಗೆ ಬಂದಾಗ ಅವಳ ಕೈ ನಿಂತಿತು. ಮತ್ತೆ ಹಿಂಡಿ ನೋಡಿದಳು. ಬಾಗಿ, ಬೆಳಕಿಗೆ ಹಿಡಿದು, ಕೂದಲನ್ನು ಸರಿಸಿದಳು.

"ಯಾಕ ಸುಮ್ಮಾದ್ರಿ? ಹೇನ ಸಿಕ್ತೇನ?" ಎಂದಳು ಗಂಗತ್ತಿ, ತಲೆ ಬಾಗಿಸಿಕೊಂಡೇ.

ಅವ್ವ ಗೋಣಿಚೀಲ ಹೊಲಿಯುವ ದಬ್ಬಣ ತರಲು ನನಗೆ ಸನ್ನೆ ಮಾಡಿದಳು. ನಾನು ತಂದು ಕೊಟ್ಟು ಪಕ್ಕದಲ್ಲೇ ಕೂತೆ. ಕೂದಲಿನ ನಡುವೆ ಕರಿಯ ನೂಲಿತ್ತು. ಉಣ್ಣೆಯ ನೂಲು, ಕುರಿಗಾರರು ಆಯಿಗೆ ತಂದುಕೊಡುವಂಥದು. ಕೂದಲನ್ನು ಒಟ್ಟು ಹಿಡಿದು, ಮೇಲಿಂದ ಕೆಳಗೆ ಒಂದೊಂದೇ ಸುತ್ತು, ಸಂದಿಲ್ಲದಂತೆ ಬಿಗಿದಿತ್ತು. ಕೊನೆಯಲ್ಲಿ ಒಂದು ಗಂಟು. ಆ ಗಂಟನ್ನು ನಾನು ದಿನವೂ ನೋಡುತ್ತಿದ್ದೆ. ಭಂಡಾರದ ಚೀಲದ ಬಾಯಿಗೆ ಆಯಿ ಹಾಕುವ ಗಂಟು ಅದು. ಎರಡು ಸುತ್ತು ಹಾಕಿ, ತುದಿಯನ್ನು ಒಳಗೆ ತೂರಿಸಿ ಚಪ್ಪಟೆ ಮಾಡಿಬಿಡುವಳು, ಇಲಿಗೂ ಸಿಗಬಾರದು. ಮನೆಯಲ್ಲಿ ಬೇರೆ ಯಾರಿಗೂ ಅದು ಬರುತ್ತಿರಲಿಲ್ಲ.

ಅವ್ವ ಹಂಡೆಯ ಕಡೆ ನೋಡಿದಳು. ಹಬೆ ಏಳುತ್ತಿತ್ತು.

"ಬಿಸಿನೀರ ಬೀಳಬಾರದಂತ..." ಎಂದಳು, ಅಲ್ಲಿಗೇ ನಿಲ್ಲಿಸಿದಳು.

ಬಿಸಿನೀರು ಬಿದ್ದರೆ ಮೇಣ ಕರಗುತ್ತದೆ. ಮೇಣ ಕರಗಿದರೆ ನೂಲು ಕಾಣುತ್ತದೆ. ದೇವಿಯ ಮುನಿಸಿನ ಹಿಂದೆ ಇದ್ದದ್ದು ಇಷ್ಟೇ.

ದಬ್ಬಣದ ತುದಿಯಿಂದ ಅವ್ವ ಗಂಟು ಬಿಡಿಸಿದಳು. ಕತ್ತರಿ ಹಚ್ಚಲಿಲ್ಲ, ಆ ಮಾತನ್ನು ಆಗಲೂ ಉಳಿಸಿಕೊಂಡಳು. ನೂಲು ಸುತ್ತು ಸುತ್ತಾಗಿ ಬಂತು, ಮುಗಿಯುವ ಹಾಗೇ ಕಾಣಲಿಲ್ಲ. ಅದನ್ನು ಗಂಗತ್ತಿಯ ಅಂಗೈಯಲ್ಲಿ ಇಟ್ಟಳು. ಗಂಗತ್ತಿ ನೋಡಿದಳು. ಬೆರಳಿನಿಂದ ಗಂಟಿನ ಗುರುತು ಉಳಿದ ಜಾಗವನ್ನು ಸವರಿದಳು. ಅವಳಿಗೂ ಗೊತ್ತಾಯಿತೆಂದು ನನಗೆ ಗೊತ್ತಾಯಿತು. ಅಳುತ್ತಾಳೆ ಎಂದುಕೊಂಡೆ.

"ನೀರ ಹಾಕ್ರಿ ವೈನಿ," ಎಂದಳು. "ನೀರ ಆರಾಕತ್ತಾವ."

ನೂಲು ಹೋದ ಮೇಲೆ ಜಡಿಗೆ ಬಿಗಿಯೇ ಉಳಿಯಲಿಲ್ಲ. ಬುಗುರಿಯ ಹಗ್ಗದಂತೆ ತಿರುಚಿದ್ದ ಕೂದಲು ಒದ್ದೆಯಲ್ಲೇ ಸಡಿಲವಾಯಿತು. ಮಧ್ಯಾಹ್ನ ಹಿಂದಿನ ಪಡಸಾಲೆಯ ನೆರಳಲ್ಲಿ, ಬಿಸಿಲಿಳಿದ ಮೇಲೆ ಮಾಳಿಗೆಯ ಮೇಲೆ, ನಾವು ಮೂವರೂ ಕೂತು ಬೆರಳಿನಿಂದಲೇ ಎಳೆ ಎಳೆ ಬಿಡಿಸಿದೆವು. ಒಳಗೆ ಹಸಿ ಉಳಿದರೆ ಬೂಸಲು ಹಿಡಿಯುತ್ತದೆಂದು ಅವ್ವ ಕೆಂಡದ ಮೇಲೆ ಲೋಬಾನ ಉದುರಿಸಿ ಹೊಗೆ ಹಿಡಿದಳು. ತುದಿಯಿಂದ ಬಿಡಿಸುತ್ತ ಬಂದು ಅರ್ಧಕ್ಕೂ ಹೆಚ್ಚು ಬಿಟ್ಟಿತು. ಬಿಸಿಲನ್ನೇ ಕಾಣದ ಆ ಕೂದಲು ಹೊಸ ಬೆಲ್ಲದ ಬಣ್ಣಕ್ಕಿತ್ತು, ಗುಂಗುರಾಗಿ ಗಾಳಿಗೆ ಏಳುತ್ತಿತ್ತು. ಉದುರಿದ್ದೆಲ್ಲ ಒಳಗೇ ಉಳಿದಿದ್ದರಿಂದ ಒಂದು ಗುಬ್ಬಿಯ ಗೂಡಿನಷ್ಟು ಕೂದಲು ಕೈಗೆ ಬಂತು. ಗಂಗತ್ತಿ ಬುಡವನ್ನು ಕೆರೆದುಕೊಂಡಳು, ಹುಣ್ಣು ಉರಿದರೂ ಬಿಡದೆ, ಕಣ್ಣು ಮುಚ್ಚಿ, ಮನಸ್ಸು ತುಂಬ. ಭಾರ ಹೋದರೂ ಅವಳ ಕತ್ತು ಬಲಕ್ಕೇ ವಾಲಿತ್ತು. ಅವ್ವ ಅವಳ ಗಲ್ಲ ಹಿಡಿದು ನೇರ ಮಾಡಿದಳು. ಕೈ ಬಿಟ್ಟರೆ ಮತ್ತೆ ವಾಲಿತು.

"ನಾಳೆ ಬನಹಟ್ಟಿಯವರು ಬರೂದರಾಗ ಪೂರ್ತಿ ಬಿಡತೈತಿ," ಎಂದಳು ಅವ್ವ. "ನೂಲಿನ ಮಾತ ಯಾರ ಮುಂದೂ ಬ್ಯಾಡ. ತಾಯಿ ಬಿಟ್ಟಳಂದ್ರಾತು."

"ಹೌದು," ಎಂದಳು ಗಂಗತ್ತಿ. "ತಾಯಿನಽ ಬಿಡಬೇಕ ನೋಡ್ರಿ."

ಚಕ್ಕಡಿ ಬಂದಾಗ ಬಿಸಿಲು ಕೆಂಪಾಗಿತ್ತು. ಆಯಿ ಹೊಳೆಯ ನೀರಿನ ಬಿಂದಿಗೆ ಇಳಿಸಿ ಒಳಗೆ ಬಂದಳು. ಪಡಸಾಲೆಯಲ್ಲಿ ಕೂದಲು ಹರವಿಕೊಂಡು ಕೂತ ಮಗಳನ್ನು ನೋಡಿ, ಗೋಡೆ ಹಿಡಿದು ಹಾಗೇ ಕುಸಿದು ಕೂತಳು. ಬೈಯುತ್ತಾಳೆ ಎಂದು ಅವ್ವ ಮುಂದೆ ಬಂದಿದ್ದಳು. ಗಂಗತ್ತಿ ಅವ್ವನನ್ನು ಸರಿಸಿ, ಆಯಿಯ ಮುಂದೆ ಕೂತು, ನೂಲನ್ನು ಅವಳ ಮಡಿಲಿಗೆ ಹಾಕಿದಳು.

"ಯಾರ ಕಟ್ಟಿದ್ದ ಯವ್ವಾ ಇದನ್ನ?"

ಆಯಿ ಸುಳ್ಳು ಹೇಳಲಿಲ್ಲ. ಅದೊಂದನ್ನು ನಾನು ಅವಳ ಪಾಲಿಗೆ ಬರೆಯಬೇಕು.

"ನಾನಽ ಕಟ್ಟೀನಿ. ಜ್ವರದಾಗ ನಿನಗ ಎಚ್ಚರ ಇರಲಿಲ್ಲ. ಕೂದಲ ಗಂಟಾಗಿತ್ತು, ಬಿಡಸಾಕ ಕುಂತಾಕಿ ಕಟ್ಟಿಬಿಟ್ಟೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಿಮ್ಮಕ್ಕನ ಮಣ್ಣ ಮಾಡಿ ಬಂದ ತಿಂಗಳ ಅದು."

ಗಂಗತ್ತಿಗೆ ನೀಲವ್ವ ಎಂಬ ಅಕ್ಕನಿದ್ದಳು, ನಾನು ಹುಟ್ಟುವ ಮೊದಲೇ ಹೋದವಳು. ಬೀಳಗಿಗೆ ಕೊಟ್ಟಿದ್ದರು. ಅತ್ತೆಮನೆಯ ಬಾವಿಯಲ್ಲಿ ಹೆಣ ಸಿಕ್ಕಿತು. ಕಾಲು ಜಾರಿತು ಎಂದರಂತೆ. ನೀರು ಸೇದುವ ಕೊಡ ದಂಡೆಯ ಮೇಲೆ ಒಣಗಿಯೇ ಇತ್ತಂತೆ. ಮನೆಯಲ್ಲಿ ಅವಳ ಹೆಸರು ಎತ್ತುತ್ತಿರಲಿಲ್ಲ.

"ಜಡಿ ಇದ್ದಾಕೀನ ಯಾರೂ ಕೇಳಂಗಿಲ್ಲ," ಎಂದಳು ಆಯಿ. "ಕೇಳಲಿಲ್ಲಂದ್ರ ಒಯ್ಯಂಗಿಲ್ಲ. ಇನ್ನೊಂದ ಕೂಸಿನ ಹೆಣಾ ಚಕ್ಕಡ್ಯಾಗ ಹಾಕ್ಕೊಂಡ ಬರೂ ಶಕ್ತಿ ನನಗಿರಲಿಲ್ಲವ್ವಾ. ನನ್ನ ಕಣ್ಣ ಮುಂದ ಇರಲಿ ಅಂದೆ. ಉಣ್ಣಾಕ ಉಡಾಕ ಏನರೆ ಕಡಿಮಿ ಮಾಡೀನೇನ? ಮಂದಿ ನಿನಗ ಕೈ ಮುಗೀತಾರ."

"ಅಕ್ಕನ್ನ ಬಾವ್ಯಾಗಿಂದ ತಗದ್ರು, ಯವ್ವಾ," ಎಂದಳು ಗಂಗತ್ತಿ. ದನಿ ಏರಿಸಲಿಲ್ಲ. "ನನ್ನ ತಗಿಯವ್ರ ಯಾರು?"

ಆಯಿ ನೂಲನ್ನು ಕೈಗೆತ್ತಿಕೊಂಡಳು. ಏನು ಮಾಡುತ್ತಿದ್ದೇನೆಂಬ ಅರಿವೂ ಇಲ್ಲದೆ, ತನ್ನ ನಾಲ್ಕು ಬೆರಳಿಗೆ ಸುತ್ತತೊಡಗಿದಳು. ನೂಲು ಹಾಳು ಮಾಡುವವಳಲ್ಲ ಅವಳು. ಸುತ್ತುತ್ತ ಸುತ್ತುತ್ತ ಅಳುತ್ತಿದ್ದಳು.

ಆಗ ಅಪ್ಪ ಬಂದ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಎಲ್ಲ ನೋಡಿದ: ಕೂದಲು, ನೂಲು, ಕುಂಕುಮದ ಕಲೆಯ ಧೋತರ, ಮೂಲೆಯಲ್ಲಿ ಮೇಣದ ಡಬ್ಬಿಗಳ ಬುಟ್ಟಿ. ಅವ್ವ ನಡೆದದ್ದನ್ನು ಹೇಳಿದಳು. ಅಪ್ಪ ತಂಗಿಯ ಪಕ್ಕ ಕೂತು ಬಿಡಿಸಿದ ಕೂದಲನ್ನು ಮುಟ್ಟಿ ನೋಡಿದ. ಅವನ ಕಣ್ಣಲ್ಲಿ ನೀರು ಬಂತು. ಅಪ್ಪ ಕಟುಕನಾಗಿದ್ದರೆ ಈ ಅಧ್ಯಾಯ ಬರೆಯುವುದು ನನಗೆ ಸುಲಭವಾಗುತ್ತಿತ್ತು.

"ಬಿಚ್ಚಬ್ಯಾಡ್ರಿ ಅನ್ನಂಗಿಲ್ಲ ನಾ," ಎಂದ. "ಆದರ ಇವತ್ತ ಹುಣ್ಣಿವಿ. ಮಂದಿ ಬರೂ ಹೊತ್ತಾತು. ಬುಡದಾಗ ಇನ್ನಾ ಜಡಿ ಐತಿ, ತುದಿಯಾಗ ಇಲ್ಲ. ಹಿಂಗ ನೋಡಿದ್ರ ನಾವಽ ಬಿಡಿಸೇವಿ ಅಂತಾರ. ಇವತ್ತೊಂದಿನ ಸುತ್ತಿ ಇಡ್ರಿ. ನಾಳೆ ನೋಡೂಣು."

"ನಾಳೆ ಬನಹಟ್ಟಿಯವರು ಬರತಾರಲ್ರಿ," ಎಂದಳು ಅವ್ವ.

"ಬರಲಿ. ಮಾತಾಡೂಣು. ಇವತ್ತೊಂದಿನ, ಗಂಗಾ."

ಅಪ್ಪ ಬೇಡ ಎಂದಿದ್ದರೆ ಗಂಗತ್ತಿ ಎದುರು ನಿಲ್ಲುತ್ತಿದ್ದಳೇನೋ. ಇವತ್ತೊಂದಿನ ಎನ್ನುವುದಕ್ಕೆ ಎದುರು ಮಾತು ಎಲ್ಲಿದೆ? ಅವಳು ನಮ್ಮೆಲ್ಲರ ಮುಖ ನೋಡಿದಳು, ಒಬ್ಬೊಬ್ಬರದೂ. ಅವ್ವನ ಮುಖದ ಮೇಲೆ ಹೆಚ್ಚು ಹೊತ್ತು. ಅವ್ವ ತುಟಿ ಬಿಚ್ಚಿದಳು, ಅಪ್ಪನ ಕಡೆ ನೋಡಿ ಮುಚ್ಚಿದಳು. ಬೆಳಗಿನ ಆ ವಕೀಲಕಿ ಗಂಡನ ಮುಂದೆ ನಡೆಯಲಿಲ್ಲ. ಗಂಗತ್ತಿ ಎದ್ದು ಹೋಗಿ ಮಣೆಯನ್ನು ತಾನೇ ತಂದು ಹಾಕಿಕೊಂಡು, ಗೋಡೆಗೆ ಮುಖ ಮಾಡಿ ಕೂತಳು. ಆಯಿ ಅವಳ ಹಿಂದೆ ಕೂತು ಗುಂಗುರು ಕೂದಲನ್ನು ಒಟ್ಟು ಮಾಡಿ ತಿರುಚಿದಳು. ಬೆರಳಿಗೆ ಸುತ್ತಿದ್ದ ನೂಲು ಅಲ್ಲೇ ಇತ್ತು. ಬೆಳಿಗ್ಗೆ ನಾನು ಮುಚ್ಚಳ ಹಾಕಿದ ಡಬ್ಬಿಗಳಲ್ಲಿ ಒಂದನ್ನು ಅವ್ವ ಬಿಚ್ಚಿಕೊಟ್ಟಳು.

ಮರುದಿನ ಬನಹಟ್ಟಿಯ ಅಕ್ಕ ಬಂದಳು. ಅವಲಕ್ಕಿ ತಿಂದಳು. ಹೊಸ ಮೇಣದಲ್ಲಿ ಹೊಳೆಯುತ್ತಿದ್ದ ಜಡಿಯನ್ನು ನೋಡಿ, ಗಂಗತ್ತಿಯ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು. ಅಪ್ಪ ಅಂಗಡಿಯಿಂದ ಬರುವುದು ತಡವಾಗಿತ್ತು, ಮಾತಾಡುವುದು ಆಗಲಿಲ್ಲ. ಮುಂದಿನ ಹುಣ್ಣಿಮೆಗೆ ನಾನು ಬೋರ್ಡಿಂಗಿನಲ್ಲಿದ್ದೆ. ವರ್ಷಗಳ ನಂತರ ನನ್ನ ಮದುವೆಯಲ್ಲಿ ಗಂಗತ್ತಿ ಹಿಂದಿನ ಕೋಣೆಯಲ್ಲೇ ಕೂತಿದ್ದಳು. ಜಡಿ ಇದ್ದವಳು ಅಕ್ಷತೆ ಹಾಕುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಯಾರಿಗೂ ತಿಳಿಯದೆ, ಕಡೆಗೆ ಯಾರೂ ಅವಳನ್ನು ಕರೆಯಲಿಲ್ಲ. ನಾನೇ ಒಳಗೆ ಹೋಗಿ ಕಾಲಿಗೆ ಬಿದ್ದೆ. "ಅಲ್ಲೆ ಬಿಸಿನೀರ ಸಿಗತಾವಲ್ಲ?" ಎಂದಷ್ಟೇ ಕೇಳಿದಳು. ಈಗಲೂ ನನ್ನ ಸಂಸಾರದಲ್ಲಿ ಯಾರಾದರೂ ಇವತ್ತೊಂದಿನ ಎಂದರೆ ನಾನು ಮಾಡುತ್ತಿದ್ದ ಕೆಲಸ ನಿಲ್ಲಿಸಿ ಅವರ ಮುಖ ನೋಡುತ್ತೇನೆ. ಮನೆಯವರು ನನ್ನದು ಸುಮ್ಮನೆ ಹಟ ಎನ್ನುತ್ತಾರೆ.

ಆದರೆ ಆ ಸಂಜೆ ಇದೆಲ್ಲ ಇನ್ನೂ ಆಗಿರಲಿಲ್ಲ. ಚಂದ್ರ ಹುಟ್ಟುವ ಮೊದಲೇ ಪಾರವ್ವ, ಹೇಳಿದ ಹಾಗೆ ಎಲ್ಲರಿಗಿಂತ ಮುಂದೆ, ಒದ್ದೆ ಕಾಲಲ್ಲಿ ಒಳಗೆ ಬಂದಳು. ತನ್ನ ಡಬ್ಬಿ ಬಿಚ್ಚಿದಳು. ಜಡಿಯನ್ನು ಅಂಗೈ ಮೇಲೆ ತೂಗಿ ನೋಡಿ, ಲೋಬಾನದ ವಾಸನೆ ಎಳೆದುಕೊಂಡು, ಬೆರಳ ತುಂಬ ಮೇಣ ತೆಗೆದು ಮೇಲಿಂದ ಕೆಳಗೆ ಸವರಿದಳು. ಸವರುತ್ತಲೇ ಅವ್ವನ ಕಡೆ ತಿರುಗಿ ಹೇಳಿದಳು:

"ತೊಳದೀರೇನ್ರಿ? ಛಲೋ ಮಾಡಿದ್ರಿ ಬಿಡ್ರಿ. ಹಳೇ ಮೇಣದ ಮ್ಯಾಲ ಕುಂಕುಮ ಜಾರಾಕತ್ತಿತ್ತು. ಇನ್ನ ಗಟ್ಟಿ ಹತ್ತತೈತಿ."